ಅಕ್ಕನ ಮನೆಯಿಂದ ಬಂದ ಮೊಟ್ಟೆ

ಕಡೂರಿನಲ್ಲಿ ರೈಲು ಇಳಿದಾಗ ಬೆಳಗಿನ ಹತ್ತೂವರೆ. ಒಂದು ಕೈಯಲ್ಲಿ ಬಟ್ಟೆಯ ಬ್ಯಾಗು, ಇನ್ನೊಂದರಲ್ಲಿ ಫ್ಲಾಸ್ಕು. ಬೆಂಗಳೂರಿನಿಂದ ಇಲ್ಲಿಯವರೆಗೂ ಎದುರು ಸೀಟಿನ ಹೆಂಗಸೊಬ್ಬರು ಆ ಫ್ಲಾಸ್ಕಿನ ಮೇಲೆ ಕಣ್ಣಿಟ್ಟಿದ್ದರು. ಅರಸೀಕೆರೆ ದಾಟಿದ ಮೇಲೆ ತಡೆಯಲಾರದೆ, "ಒಂದ್ ಗುಟುಕು ಕಾಫಿ ಕೊಡ್ರೀ" ಎಂದು ಲೋಟವನ್ನೇ ಮುಂದೆ ಹಿಡಿದರು. ಒಳಗಿರುವುದು ಮಂಜುಗಡ್ಡೆ ಮತ್ತು ಕೋಳಿಯ ರಕ್ತ ಪರೀಕ್ಷೆಯ ಔಷಧಿ ಎಂದಾಗ ಅವರು ಲೋಟದ ಜೊತೆ ತಾವೂ ಕಿಟಕಿಯ ಕಡೆಗೆ ಸರಿದರು.

ನಾನು ಕೋಳಿ ರೋಗ ಪತ್ತೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಅಜ್ಜಂಪುರದ ಹತ್ತಿರದ ಹಳ್ಳಿಯೊಂದರಿಂದ ಸತ್ತ ಮರಿಗಳು ಪರೀಕ್ಷೆಗೆ ಬಂದಿದ್ದವು. ಅವುಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಜಾತಿಯ ಬ್ಯಾಕ್ಟೀರಿಯಾ ಸಿಕ್ಕಿತು. ಹಳ್ಳಿಯವರು ಬಿಳಿ ಭೇದಿ ಎನ್ನುವ ಕಾಯಿಲೆ ಅದರಿಂದಲೇ. ವರದಿ ಕಳಿಸಿ ಕೈ ತೊಳೆದುಕೊಂಡಿದ್ದೆ. ವಾರದ ನಂತರ ಕೋಳಿಗಳ ಒಡತಿ ಜಯಮ್ಮನದೇ ಫೋನು ಬಂತು. "ನಿಮ್ ಪೇಪರ್ ಓದೋಕೆ ನಂಗ್ ಬರಲ್ಲ ಮೇಡಂ. ಎಲ್ಡು ಸಲ ಕಾವಿಗಿಟ್ಟ ಮರಿ ಪೂರ್ತಿ ಸತ್ತೋದ್ವು. ಈಗ ಮತ್ತೆ ಕೂರ್ಸಿದೀನಿ. ಇದೂ ಹೋದ್ರೆ ಗೂಡು ಒಡೆದು ಒಲೆಗ್ ಹಾಕ್ತೀನಿ" ಎಂದಳು. ಸಿಟ್ಟಿನ ಮಾತಾದರೂ ಕೊನೆಯಲ್ಲಿ ದನಿ ನಡುಗಿತು. ಎರಡು ದಿನ ರಜೆ ಹಾಕಿದೆ.

ಕಡೂರಿನಲ್ಲಿ ತಟ್ಟೆ ಇಡ್ಲಿ ತಿಂದು, ಜ್ಯೂಸ್ ಅಂಗಡಿಯಲ್ಲಿ ಫ್ಲಾಸ್ಕಿಗೆ ಹೊಸ ಮಂಜುಗಡ್ಡೆ ತುಂಬಿಸಿಕೊಂಡೆ. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಆದ್ದರಿಂದ ಬಸ್ಸಿನ ಖರ್ಚು ಸೊನ್ನೆ, ಸೀಟು ಸಿಕ್ಕಿದ್ದೂ ಸೊನ್ನೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು, ಚೀಲ, ಒಂದು ಕೂಸನ್ನೂ ಒಳಗೆ ತೂರಿಸಿ ಜನ ಜಾಗ ಹಿಡಿದಿದ್ದರು. ಬೀರೂರಿನವರೆಗೂ ಕಂಬಿ ಹಿಡಿದು ನಿಂತೆ. ಅಲ್ಲಿಂದಾಚೆ ಸೀಟು ಸಿಕ್ಕಿತು. ಹೊರಗೆ ತೆಂಗಿನ ತೋಟಗಳು ಹಿಂದೆ ಸರಿದು ಕಪ್ಪು ಮಣ್ಣಿನ ಹೊಲಗಳು ಬಂದವು. ಕಿತ್ತು ಗುಡ್ಡೆ ಹಾಕಿದ್ದ ಈರುಳ್ಳಿಯ ವಾಸನೆ ಅಜ್ಜಂಪುರದವರೆಗೂ ಬಿಡಲಿಲ್ಲ.

ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ಹಳ್ಳಿ ಸೇರಿದೆ. ಜಯಮ್ಮನಿಗೆ ಐವತ್ತರ ಆಸುಪಾಸು. ಗಟ್ಟಿ ಆಳು, ಗಟ್ಟಿ ಬಾಯಿ. ಮೊದಲು ರೊಟ್ಟಿ, ಅವರೆಕಾಳಿನ ಸಾರು, ಆಮೇಲೆ ಮಾತು ಎಂದಳು. ನಾನು ತಿನ್ನುತ್ತಿದ್ದಂತೆಯೇ ಮಾತೂ ಶುರುವಾಯಿತು. ಕಾವಿಗೆ ಕೂತಿರುವ ಕೆಂಪು ಹೇಂಟೆ ಅವಳ ತವರಿನ ತಳಿಯದು. ಅವ್ವ ಮಡಿಲಿಗೆ ಹಾಕಿ ಕಳಿಸಿದ ಕೋಳಿಯ ಮರಿ, ಮೊಮ್ಮರಿ ಎಂದು ಸಾಗಿಬಂದ ಸಂಸಾರದಲ್ಲಿ ಉಳಿದದ್ದು ಇದೊಂದೇ. ಇದಕ್ಕೂ ವಯಸ್ಸಾಗಿತ್ತು.

"ಮೊದಲ್ನೇ ಸಲ ಸತ್ತಾಗ ನಾನೇನು ಕೈ ಕಟ್ಕೊಂಡು ಕೂತಿರ್ಲಿಲ್ಲ" ಎಂದು ಅವಳು ಎರಡನೆಯ ಸಲದ ಉಪಚಾರ ವಿವರಿಸಿದಳು. ಮರಿ ಒಡೆದ ಕೂಡಲೇ ತಾಯಿಯಿಂದ ಬೇರೆ ಮಾಡಿ, ಫಿನಾಯಿಲ್ ಹಾಕಿ ಒರೆಸಿದ ಕೋಣೆಯಲ್ಲಿ, ಬಲ್ಬಿನ ಕೆಳಗೆ, ರಟ್ಟಿನ ಡಬ್ಬಿಯಲ್ಲಿ ಸಾಕಿದ್ದಳು. ಮೊದಲ ದಿನದಿಂದಲೇ ನೀರಿಗೆ ಆಂಟಿಬಯಾಟಿಕ್ ಪುಡಿ ಬೆರೆಸಿದ್ದಳು. ತಾಯಿಯ ಹಿಕ್ಕೆ ಕುಕ್ಕಲು ಬಿಟ್ಟಿರಲಿಲ್ಲ.

ಅಷ್ಟೊಂದು ಅಕ್ಕರೆಯ ತಪ್ಪಿಗೆ ಬೈಯುವುದು ಹೇಗೆ? ನನಗೆ ತಿಳಿದಂತೆ ಹೇಳಿದೆ. ಆಗ ತಾನೇ ಹುಟ್ಟಿದ ಮರಿಯ ಕರುಳು ಖಾಲಿ ಬಸ್ಸು ಇದ್ದಂತೆ. ತಾಯಿಯ ಹಿಂದೆ ಓಡಾಡುತ್ತ, ಅವಳು ಕೆದರಿದ್ದನ್ನು, ಅವಳ ಹಿಕ್ಕೆಯನ್ನೂ ಕುಕ್ಕುತ್ತ ಮರಿ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಹೊಟ್ಟೆಗೆ ಸೇರಿಸಿಕೊಳ್ಳುತ್ತದೆ. ಅವು ಟವೆಲ್ ಹಾಕಿ ಸೀಟು ಹಿಡಿದರೆ, ತಡವಾಗಿ ಬಂದ ರೋಗಕ್ಕೆ ಕೂರಲು ಜಾಗ ಸಿಗುವುದು ಕಷ್ಟ. ತಾಯಿ ಹತ್ತಿರವಿಲ್ಲದೆ, ಪುಡಿ ಒಳ್ಳೆಯವನ್ನೂ ಕೊಂದು, ಡಬ್ಬಿಯ ಮರಿಗಳಲ್ಲಿ ಸೀಟೆಲ್ಲ ಖಾಲಿ ಉಳಿದಿತ್ತು. ಹತ್ತಿದ ರೋಗ ಕಾಲು ಚಾಚಿ ಮಲಗಿತು.

"ಅಂದ್ರೆ ಹೊಲಸೇ ಔಷಧಿ ಅಂತೀರಾ?"

"ಆರೋಗ್ಯವಾಗಿರೋ ತಾಯೀದಾದ್ರೆ ಹೌದು. ಈ ತಾಯಿಗೇ ರೋಗ ಇದ್ರೆ ಅದೇ ವಿಷ. ಅದನ್ನ ನೋಡೋಕೇ ಬಂದಿದೀನಿ."

ಜಯಮ್ಮ ಎದ್ದು ನನ್ನನ್ನು ಗೂಡಿನ ಬಳಿಗೆ ಕರೆದೊಯ್ದಳು. ಮರುದಿನಕ್ಕೆ ಕಾವು ಇಪ್ಪತ್ತೊಂದು ದಿನ ತುಂಬುತ್ತಿತ್ತು. ಹೇಂಟೆಯನ್ನು ಮೆಲ್ಲನೆ ಎತ್ತಿ, ಬೈಗುಳದಂಥ ಅದರ ಗೊಣಗಾಟ ಕೇಳುತ್ತ, ರೆಕ್ಕೆಯ ನರಕ್ಕೆ ಸೂಜಿ ಚುಚ್ಚಿದೆ. ಬಿಳಿ ಟೈಲ್ಸ್ ತುಂಡಿನ ಮೇಲೆ ಒಂದು ಹನಿ ರಕ್ತ, ಒಂದು ಹನಿ ನೇರಳೆ ಔಷಧಿ. ಬೆರೆಸಿ ಅಲ್ಲಾಡಿಸಿದೆ. ರೋಗವಿದ್ದರೆ ಎರಡು ನಿಮಿಷದೊಳಗೆ ಹಾಲು ಒಡೆದ ಹಾಗೆ ಕಾಳು ಕಾಳಾಗುತ್ತದೆ. ಆಗ ಆ ಕೋಳಿಯನ್ನು ಉಳಿಸಿಕೊಳ್ಳುವಂತಿಲ್ಲ. ಜಯಮ್ಮ ಟೈಲ್ಸ್ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಎರಡು ನಿಮಿಷ ಕಳೆಯಿತು, ಮೂರಾಯಿತು. ಹನಿ ನುಣ್ಣಗೇ ಉಳಿಯಿತು. "ಚೆನ್ನಾಗಿದಾಳೆ" ಎಂದೆ. ಅವಳು ಕೋಳಿಯನ್ನು ಎದೆಗವಚಿಕೊಂಡು ಅತ್ತುಬಿಟ್ಟಳು.

ಹಾಗಾದರೆ ರೋಗ ಎಲ್ಲಿಂದ ಬಂತು? ಗೂಡಿನಲ್ಲಿ ಮೊಟ್ಟೆ ಎಣಿಸಿದೆ. ಹನ್ನೊಂದು. ಹತ್ತು ಕಂದು ಬಣ್ಣದವು, ಒಂದು ಮಾತ್ರ ಬೆಳ್ಳಗೆ ದಪ್ಪಗಿತ್ತು.

"ಅದು ತರೀಕೆರೆ ನಮ್ಮಕ್ಕನ ಮನೇದು" ಎಂದಳು ಜಯಮ್ಮ. "ನಮ್ದು ಹತ್ತೇ ಇದ್ವು. ಸಮ ಸಂಖ್ಯೆ ಕಾವಿಗಿಟ್ರೆ ಏಳ್ಗೆ ಆಗಲ್ಲ ಕಣ್ರೀ, ಬೆಸ ಇರ್ಬೇಕು. ಪ್ರತಿ ಸಲ ಅಕ್ಕನ ಹತ್ರ ಒಂದು ಇಸ್ಕೊಂಡ್ ಬತ್ತೀನಿ."

ಪ್ರತಿ ಸಲ! ಈ ರೋಗ ತಾಯಿಯಿಂದ ಮೊಟ್ಟೆಯೊಳಗೇ ಇಳಿಯುತ್ತದೆ. ರೋಗದ ಮರಿ ಒಂದು ಒಡೆದರೂ ಸಾಕು, ಪಕ್ಕದವಕ್ಕೆಲ್ಲ ಹಂಚುತ್ತದೆ. ಆ ಮೊಟ್ಟೆ ಈಗಲೇ ತೆಗೆಯೋಣ ಎಂದೆ. ಜಯಮ್ಮ ಗೂಡಿಗೆ ಅಡ್ಡ ನಿಂತಳು. "ಅಕ್ಕ ಕೊಟ್ಟಿದ್ದನ್ನ ಸುಮ್ಸುಮ್ನೆ ಎಸೆಯೋಕಾಗ್ತದಾ? ರೋಗ ಐತೆ ಅಂತ ತೋರ್ಸಿ, ಆಮೇಲ್ ತೆಗೀತೀನಿ."

ಸರಿ, ಸೋಪು ಹಾಕಿ ಕೈ ತೊಳೆದು ಇಬ್ಬರೂ ಮಧ್ಯಾಹ್ನದ ಬಸ್ಸು ಹತ್ತಿದೆವು. ತರೀಕೆರೆ ಹತ್ತಿರವಾದಂತೆ ಗಾಳಿ ತಂಪಾಯಿತು. ದೂರದಲ್ಲಿ ಕೆಮ್ಮಣ್ಣುಗುಂಡಿಯ ಬೆಟ್ಟಸಾಲು ಮೋಡ ಹೊದ್ದು ನಿಂತಿತ್ತು. ಬಸ್ಸಿನಲ್ಲಿದ್ದ ಕಾಲೇಜು ಹುಡುಗಿಯರು ಅದರ ಫೋಟೋ ತೆಗೆಯುತ್ತಿದ್ದರು. ನಾನು ಫ್ಲಾಸ್ಕಿನಲ್ಲಿ ಮಂಜುಗಡ್ಡೆ ಎಷ್ಟು ಉಳಿದಿದೆ ಎಂದು ನೋಡುತ್ತಿದ್ದೆ.

ಅಕ್ಕ ರಂಗಮ್ಮನ ಮನೆ ಊರ ಹೊರಗೆ. ಆರು ಕೋಳಿ, ಎಲ್ಲವೂ ಮಿರಮಿರ ಮಿಂಚುತ್ತಿದ್ದವು. "ಇವುಕ್ಕೆ ರೋಗ ಅಂತೀರಾ? ನಂಗಿಂತ ಗಟ್ಟಿಮುಟ್ಟಾಗವೆ!" ಎಂದು ನಕ್ಕರೂ ಒಂದೊಂದನ್ನೇ ಹಿಡಿದುಕೊಟ್ಟಳು. ನಾಲ್ಕರ ಹನಿ ನುಣ್ಣಗಿತ್ತು. ಎರಡರದು ಕಣ್ಣೆದುರೇ ಕಾಳುಗಟ್ಟಿತು. ಅವುಗಳಲ್ಲಿ ಒಂದು, ದಪ್ಪ ಬಿಳಿ ಮೊಟ್ಟೆಯಿಡುವ ಹೇಂಟೆ. ರೋಗ ಗೆದ್ದು ಬದುಕಿದ ಕೋಳಿ ಹೊರಗೆ ಚೆನ್ನಾಗಿಯೇ ಕಂಡರೂ ಒಳಗೆ ಅದನ್ನು ಹೊತ್ತಿರಬಲ್ಲದು ಎಂದು ವಿವರಿಸಿದೆ.

ರಂಗಮ್ಮ ಜಗಲಿಯ ಮೇಲೆ ಕೂತಳು. "ಹಂಗಾದ್ರೆ ಅಷ್ಟು ಮರೀನೂ ಕೊಂದಿದ್ದು ನಾನೇನೇ, ಜಯಾ?"

"ನೀನಲ್ಲ ಕಣಕ್ಕ" ಎಂದು ಜಯಮ್ಮ ಅವಳ ಪಕ್ಕ ಕೂತಳು. "ನೀನು ಕೇಳಿದ್ದಕ್ಕೆ ಕೊಟ್ಟೆ. ಬೆಸ ಬೆಸ ಅಂತ ಕೇಳ್ಕೊಂಡು ಬಂದೋಳು ನಾನು."

ಆಮೇಲೆ ರಂಗಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು ಎದ್ದಳು. "ಇಲ್ಲೇನ್ ಕೂತಿದೀಯಾ? ಹೋಗಿ ಅದ್ನ ತೆಗೀ. ಐದೂವರೆ ಬಸ್ ತಪ್ಪಿದ್ರೆ ಇನ್ನೊಂದು ಯಾವಾಗೋ!" ಎಂದು ತಂಗಿಯನ್ನು ನೂಕಿಕೊಂಡೇ ಬೀದಿಗೆ ಬಿಟ್ಟಳು.

ಹಳ್ಳಿ ಸೇರಿದಾಗ ದೀಪ ಹಚ್ಚುವ ಹೊತ್ತು. ಬಿಳಿ ಮೊಟ್ಟೆ ಇನ್ನೂ ಬಿರಿದಿರಲಿಲ್ಲ. ಜಯಮ್ಮ ತಾನೇ ಕೈ ಹಾಕಿ ತೆಗೆದಳು. ಸಂಕಟದಿಂದಲೇ ಅಂಗಳದಾಚೆ ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದೆವು. ಹತ್ತು ಮೊಟ್ಟೆಯ ಮೇಲೆ ಕೂತ ಹೇಂಟೆಗೆ ಸಮ ಬೆಸದ ಚಿಂತೆಯೇನೂ ಇದ್ದಂತೆ ಕಾಣಲಿಲ್ಲ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಎಂಟು ಒಡೆದವು. ಎರಡು ಕೊಳೆತಿದ್ದವು. ರೈಲಿಗೆ ಹೊರಡುವಾಗ ಒಣಗಿ ಉಂಡೆಯಾಗಿದ್ದ ಮರಿಗಳು ತಾಯಿಯ ರೆಕ್ಕೆಯಡಿಯಿಂದ ಇಣುಕುತ್ತಿದ್ದವು. ಒಂದು ಹೊರಬಂದು ತಾಯಿಯ ಹಿಕ್ಕೆಗೆ ಬಾಯಿ ಹಾಕಿತು. ಜಯಮ್ಮ "ಥೂ" ಎನ್ನಲು ಹೋಗಿ, ನನ್ನ ಮುಖ ನೋಡಿ, ಸುಮ್ಮನಾದಳು. ಒಂದು ಹನಿ ರಕ್ತ ಎಲ್ಲವನ್ನೂ ಹೇಳುವುದಿಲ್ಲ, ಎರಡು ವಾರ ಕಾಯಬೇಕು ಎಂದು ಎಚ್ಚರಿಸಿಯೇ ಹೊರಟೆ. ಅಜ್ಜಂಪುರ ಸ್ಟೇಷನ್ನಿನಲ್ಲಿ ರೈಲು ಅರ್ಧ ಗಂಟೆ ತಡ. ಮರಿಗಳು ಉಳಿಯುತ್ತವೆ ಎಂಬ ಧೈರ್ಯ ನನಗೂ ಪೂರ್ತಿ ಇರಲಿಲ್ಲ.

ಹದಿನೈದನೆಯ ದಿನ ಬೆಳಿಗ್ಗೆ ಪ್ರಯೋಗಾಲಯದ ಮೆಟ್ಟಿಲ ಮೇಲಿದ್ದಾಗ ಫೋನು ಬಂತು. ಜಯಮ್ಮನ ಹೆಸರು ನೋಡಿ ಎತ್ತಲು ಒಂದು ಕ್ಷಣ ಹೆದರಿದೆ. ಅವಳು ಫೋನನ್ನು ನೆಲದ ಹತ್ತಿರ ಹಿಡಿದಳು. ಚಿಂವ್ ಚಿಂವ್ ಎಂಬ ಗದ್ದಲ, ನಡುವೆ ಹೇಂಟೆಯ ಗದರಿಕೆ. ಎಂಟೂ ಇವೆಯೇ ಎಂದು ಕೇಳಬೇಕೆನ್ನುವಷ್ಟರಲ್ಲಿ ಯಾರೋ ಫೋನು ಕಿತ್ತುಕೊಂಡರು.

"ಎಂಟೂ ಅವೆ ಕಣ್ರೀ" ಎಂದಿತು ರಂಗಮ್ಮನ ದನಿ. "ರೋಗದ ಆ ಎಲ್ಡು ಕೋಳೀನೂ ತೆಗ್ಸಿ, ನಮ್ ಗೂಡೆಲ್ಲ ಉಜ್ಜಿ ತೊಳ್ದು ಸುಣ್ಣ ಬಳ್ದಿದೀನಿ. ಇದ್ರಲ್ಲಿ ಎಲ್ಡು ದೊಡ್ಡವಾದ್ಮೇಲೆ ನಂಗಂತೆ. ನಾನಿನ್ನೂ ಬಾಯ್ಬಿಟ್ಟು ಕೇಳೇ ಇರ್ಲಿಲ್ಲ, ಅವ್ಳೇ ಅಂದ್ಲು."