ಗುಣವತಿಯ ಮೂರು ತಿಂಗಳು

ಸನತ್‌ನಗರದ ನಮ್ಮ ಓಣಿಯಲ್ಲಿ ಗುಣವತಿಯನ್ನು ಎಲ್ಲರೂ ರೊಟ್ಟಿ ಅಕ್ಕ ಎನ್ನುತ್ತಾರೆ. ಹುಮನಾಬಾದ್ ಕಡೆಯಿಂದ ಈ ತೆಲುಗು ಊರಿಗೆ ಬಂದ ಹೆಂಗಸು. ಗಂಡ ಇಲ್ಲಿನ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಅವನು ತೀರಿಕೊಂಡ ಮೇಲೆ ಅವಳು ಊರಿಗೆ ಹೋಗಲಿಲ್ಲ, ಜೋಳದ ರೊಟ್ಟಿ ಮಾಡಿ ಮಾರತೊಡಗಿದಳು. ದಿನಕ್ಕೆ ನೂರು ರೊಟ್ಟಿ, ಒಂದಕ್ಕೆ ಹದಿನೈದು ರೂಪಾಯಿ. ನಮ್ಮ ಮನೆಗೆ ಎಂಟು ಕೊಡಬೇಕು. ನನ್ನ ಹೆಂಡತಿ ಕಮಲಾಕ್ಷಿ ಎಣಿಸಿದರೆ ಸದಾ ಒಂಬತ್ತು ಇರುತ್ತವೆ. ಕೇಳಿದರೆ, "ನಂಗ ಎಣಿಕಿ ಬರಂಗಿಲ್ರಿ ಕಾಕಾರ" ಎಂದು ನಗುತ್ತಾಳೆ.

ಅವಳಿಗೆ ಹತ್ತಿರದವನೆಂದರೆ ತಮ್ಮ ಹನುಮಂತ. ತಾಯಿ ಬೇಗ ಹೋದದ್ದರಿಂದ ಅವನನ್ನು ಎತ್ತಿ ಬೆಳೆಸಿದವಳೂ ಇವಳೇ. ಅವನು ನಾಚಾರಂನ ಸಣ್ಣ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ. ನಲವತ್ತು ತುಂಬುವಷ್ಟರಲ್ಲಿ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಕೆಲಸ ಅರ್ಧವಾಯಿತು, ಸಂಬಳ ಅದಕ್ಕಿಂತ ಕಡಿಮೆಯಾಯಿತು.

ಒಂದು ದಿನ ಡಯಾಲಿಸಿಸ್ ಮುಗಿಸಿ ಹೊರಬಂದಾಗ ಯಾರೋ ಒಬ್ಬ ಚಹಾ ಕುಡಿಸಿ, ಎಂಟು ಲಕ್ಷ ಕೊಟ್ಟರೆ ಒಬ್ಬ ಬಡ ಹೆಂಗಸಿನ ಕಿಡ್ನಿ ಹೊಂದಿಸಿ ಕೊಡುತ್ತೇನೆ, ಕಾಗದಪತ್ರವೆಲ್ಲ ನನಗೆ ಬಿಡಿ ಎಂದನಂತೆ. ಹನುಮಂತ ಅದನ್ನು ಅಕ್ಕನಿಗೆ ಹೇಳುವಾಗ ನಾನು ರೊಟ್ಟಿಗಾಗಿ ಅಲ್ಲೇ ಕುಳಿತಿದ್ದೆ.

"ಎಂಟ ಲಕ್ಷದಾಗ ಕಿಡ್ನಿ ಕೊಟ್ಟಾಕಿಗಿ ಎಷ್ಟ ಮುಟ್ಟತೈತಿ?" ಗುಣವತಿ ರೊಟ್ಟಿ ಬಡಿಯುತ್ತಲೇ ಕೇಳಿದಳು.

"ಎರಡ ಲಕ್ಷ ಅಂದಂಗಾತು ಅಕ್ಕಾ."

"ಉಳಿದದ್ದು ಯಾರಿಗಿ?"

ಅವನು ಬೆಂದ ರೊಟ್ಟಿ ತೆಗೆದು ಬುಟ್ಟಿಗೆ ಹಾಕಿದ.

"ಆಕೀನೂ ನನ್ನಂಗ ಎಲ್ಲೋ ರೊಟ್ಟಿ ಬಡಿಯಾಕಿ ಇರ್ತಾಳ. ಬ್ಯಾಡ. ನಂದ ತಗೋ."

ಹನುಮಂತ ಎರಡು ವಾರ ಒಪ್ಪಲಿಲ್ಲ. ಅವಳು ಕೇಳಲೂ ಇಲ್ಲ, ತಾನೇ ಹೋಗಿ ರಕ್ತ ಕೊಟ್ಟು ಬಂದಳು. ಪರೀಕ್ಷೆಗಳೆಲ್ಲ ಹೊಂದಿದವು. ಶಸ್ತ್ರಚಿಕಿತ್ಸೆಯ ಖರ್ಚು ಸರ್ಕಾರದ ಯೋಜನೆಯಲ್ಲಿ ಬರುತ್ತಿತ್ತು. ಆದರೆ ಅದಾದ ಮೇಲೆ ಮೂರು ತಿಂಗಳು ಭಾರ ಎತ್ತಬಾರದು, ಹಿಟ್ಟು ನಾದಬಾರದು ಎಂದು ಡಾಕ್ಟರು ಹೇಳಿದಾಗ ಅವಳು ನೆಟ್ಟಗೆ ನಮ್ಮ ಮನೆಗೆ ಬಂದಳು. ನಾನು ಕೇಂದ್ರ ಸರ್ಕಾರದ ಕಾರ್ಖಾನೆಯೊಂದರ ಲೆಕ್ಕ ವಿಭಾಗದಲ್ಲಿದ್ದು ನಿವೃತ್ತನಾದವನು.

"ಬರಕೋರಿ ಕಾಕಾರ," ಎಂದಳು. ಹಿಟ್ಟು, ಗ್ಯಾಸು ಕಳೆದರೆ ದಿನಕ್ಕೆ ಎಂಟುನೂರು ಉಳಿಯುತ್ತದೆ. ರವಿವಾರ ರಜೆ. ಮೂರು ತಿಂಗಳಿಗೆ ಎಪ್ಪತ್ತೆಂಟು ದಿನ. ನಾನು ಪೆನ್ನು ತೆರೆಯುವಷ್ಟರಲ್ಲಿ ಅವಳೇ ಹೇಳಿದಳು: ಅರವತ್ತೆರಡು ಸಾವಿರದ ನಾಲ್ಕುನೂರು. ನಾನು ಗುಣಿಸಿ ನೋಡಿದೆ, ಸರಿ ಇತ್ತು. ಒಂದು ಚೀಟಿಯಲ್ಲಿ ಬರೆದುಕೊಟ್ಟೆ.

ಹನುಮಂತ ಎಲ್ಲಿಂದಾದರೂ ತಂದು ಕೊಡುತ್ತೇನೆ ಎಂದು ಅತ್ತ. ಅವಳು ಗದರಿದಳು: "ಕಿಡ್ನಿಗಿ ರೊಕ್ಕ ಅಲ್ಲೋ ಇದು. ಅದನ್ನ ನಾ ಹಂಗ ಕೊಡಾಕತ್ತೀನಿ. ಮೂರ ತಿಂಗಳ ನಾ ಏನ ತಿನ್ನಲಿ, ಬಾಡಿಗಿ ಹೆಂಗ ಕಟ್ಟಲಿ, ಅದಷ್ಟ."

ಕಿಡ್ನಿ ಕೊಡಲು ಒಪ್ಪಿಗೆ ನೀಡುವ ಆಸ್ಪತ್ರೆಯ ಸಮಿತಿಯ ಎದುರು ಅವಳ ಹೇಳಿಕೆ ಆಗಬೇಕಿತ್ತು. ಎದುರಿಗೆ ಕ್ಯಾಮೆರಾ. ಹಣದ ಸುದ್ದಿಯನ್ನೇ ಎತ್ತಬೇಡ ಎಂದು ಹನುಮಂತನ ಹೆಂಡತಿ ಹರ್ಷದಾ ದಾರಿಯುದ್ದಕ್ಕೂ ಬೇಡಿಕೊಂಡಿದ್ದಳು. ನಾನೂ ಜೊತೆಗಿದ್ದೆ. ಒಳಗೆ ಮಾತೆಲ್ಲ ತೆಲುಗಿನಲ್ಲಿ ನಡೆಯಿತು. ಗುಣವತಿಯದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಯಾರಾದರೂ ನಿಮಗೆ ಹಣ ಕೊಡುತ್ತೇವೆ ಅಂದಿದ್ದಾರಾ?" ಎಂದು ಸಮಿತಿಯ ಹಿರಿಯ ಡಾಕ್ಟರಮ್ಮ ಕೇಳಿದರು.

"ಹೌದ್ರಿ, ನನ್ನ ತಮ್ಮ ಅಂದಾನ."

ಹರ್ಷದಾ ತಲೆ ತಗ್ಗಿಸಿದಳು. ಗುಣವತಿ ಸೆರಗಿನ ಗಂಟು ಬಿಚ್ಚಿ ನಾನು ಬರೆದ ಚೀಟಿಯನ್ನು ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಎರಡು ಸಲ ಓದಿ ನಕ್ಕರು.

"ಹೆದರಬೇಡಿ. ಕಿಡ್ನಿ ಮಾರಿದರೆ, ಕೊಂಡರೆ ಜೈಲು. ಆದರೆ ಕೊಟ್ಟವರಿಗೆ ತಪ್ಪಿಹೋದ ದುಡಿಮೆಯನ್ನು ತುಂಬಿಕೊಟ್ಟರೆ ಅದು ಬೆಲೆ ಅಲ್ಲ. ಕಾನೂನೂ ಹಾಗೇ ಹೇಳುತ್ತದೆ."

"ತುಂಬಿಕೊಡೋರ ಯಾರ್ರಿ? ಜಡ್ಡ ಬಿದ್ದವನ ಹತ್ರ ಎಲ್ಲಿರ್ತೈತಿ? ಆಪರೇಷನ್ನಿಗಿ ಕೊಡೋ ಸರ್ಕಾರ ಈ ಮೂರ ತಿಂಗಳದ್ದೂ ಕೊಟ್ರ, ಕೂಲಿ ಹೋಗತೈತಿ ಅಂತ ಹಿಂದ ಸರಿಯೋ ಅಕ್ಕ-ತಂಗೇರು ಮುಂದ ಬರ್ತಾರ. ಬಾಗಲದಾಗ ನಿಂತು ಚಾ ಕುಡಿಸೋನ ಧಂದಾ ಬಂದ್ ಆಗತೈತಿ."

ಡಾಕ್ಟರಮ್ಮ ಆ ಚೀಟಿಯನ್ನು ಕಡತಕ್ಕೆ ಸೇರಿಸಿದರು. ಒಪ್ಪಿಗೆ ಸಿಕ್ಕಿತು.

ಜನವರಿಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಇಬ್ಬರೂ ಗೆದ್ದು ಬಂದರು. ಹನುಮಂತ ಸಾಲಕ್ಕೆ ಓಡಾಡುತ್ತಿರುವುದು ತಿಳಿದು ಅವಳು, "ನಿನ್ನ ಔಷಧ ಜಲ್ಮ ಇರೋತನಕ ಐತಿ, ಸಾಲ ಮಾಡಿದ್ರ ನನ್ನಾಣಿ" ಎಂದು ಕಟ್ಟಿಹಾಕಿದಳು. ಅವಳಿಗೆ ದುಡ್ಡಿಗಿಂತ ದೊಡ್ಡ ಚಿಂತೆ ಇತ್ತು: ಮೂರು ತಿಂಗಳಲ್ಲಿ ಗಿರಾಕಿಗಳು ಬೇರೆ ಕಡೆ ಹೋದರೆ ಮತ್ತೆ ಬರುವುದಿಲ್ಲ.

ಒಂದು ಬೆಳಿಗ್ಗೆ ಹರ್ಷದಾ ಬಂದು ಸೀರೆ ಎತ್ತಿ ಕಟ್ಟಿ ಒಲೆಯ ಮುಂದೆ ಕುಳಿತಳು. "ಅಕ್ಕಾರ, ರೊಕ್ಕ ನಮ್ಮಲ್ಲಿ ಇಲ್ರಿ. ರೊಟ್ಟಿ ನಾ ಬಡೀತೀನಿ."

ಅವಳಿಗೆ ಬರುತ್ತಿದ್ದದ್ದು ಚಪಾತಿ ಮಾತ್ರ. ಗುಣವತಿ ಮಂಚದ ಮೇಲೆ ಮಲಗಿಕೊಂಡೇ, "ಬಿಸಿನೀರ ಹಾಕು, ಅಂಚ ತೆಳ್ಳಗ ಮಾಡು, ಕೈ ತಿರುಗಲಿ" ಎಂದು ಹೇಳಿಕೊಡುತ್ತಿದ್ದಳು. ಮೊದಲ ವಾರ ನಮಗೆ ಬಂದ ಎಂಟರಲ್ಲಿ ಮೂರು ಹರಿದಿದ್ದವು. ಕಮಲಾಕ್ಷಿ ಹಾಲಿನಲ್ಲಿ ಮುರಿದುಕೊಂಡು ತಿಂದಳು. ಎರಡು ಮನೆಯವರು ಬಿಟ್ಟರು. ಎರಡನೇ ತಿಂಗಳಲ್ಲಿ ರೊಟ್ಟಿ ದುಂಡಗಾಯಿತು, ಎಣಿಕೆ ನೂರಕ್ಕೆ ಮುಟ್ಟಿತು. ಬಂದ ಹಣವನ್ನೆಲ್ಲ ಹರ್ಷದಾ ಪ್ರತಿ ಸಂಜೆ ಗುಣವತಿಯ ದಿಂಬಿನ ಕೆಳಗೆ ಇಟ್ಟು ಹೋಗುತ್ತಿದ್ದಳು.

ಹನುಮಂತ ಮತ್ತೆ ಲೇತ್ ಹಿಡಿದು, ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಉಳಿಸತೊಡಗಿದ. ಪಂಚಮಿ ಹಬ್ಬಕ್ಕೆ ಅಕ್ಕನ ಮನೆಗೆ ಬಂದಾಗ ಕೈಯಲ್ಲಿ ಬಂಗಾರದ ಬೆಂಡೋಲೆ ಇತ್ತು. ನಮ್ಮನ್ನೂ ಊಟಕ್ಕೆ ಕರೆದಿದ್ದರು.

"ಇದ್ಯಾತಕ್ಕೋ?" ಎಂದಳು ಗುಣವತಿ.

"ಪಂಚಮಿಗಿ ಅಕ್ಕಾ."

"ಪಂಚಮಿಗಿ ಪ್ರತಿ ವರ್ಷ ಏನ ತರ್ತಿದ್ದಿ?"

"ಇಳಕಲ್ ಸೀರಿ."

"ಹಂಗಾದ್ರ ಅದನ್ನ ತಾ. ಇದನ್ನ ಹರ್ಷದಾಗ ಹಾಕು. ಆಕೀದ ಮೂರ ತಿಂಗಳ ಕೂಲಿ ಐತಿ."

ಹರ್ಷದಾ ಬೇಡ ಬೇಡ ಎಂದು ಹಿಂದೆ ಸರಿಯುತ್ತಿದ್ದರೂ ಗುಣವತಿ ಅವಳನ್ನು ಹಿಡಿದು ಕೂರಿಸಿ ತಾನೇ ಕಿವಿಗೆ ಹಾಕಿದಳು. ಹನುಮಂತ ಊಟಕ್ಕೂ ಕೂರದೆ ಆಟೊ ಹಿಡಿದು ಸೀರೆ ಅಂಗಡಿಗಳಿರುವ ಅಬಿಡ್ಸ್‌ಗೆ ಹೋದ. ಎರಡು ಗಂಟೆಯ ನಂತರ ಹಸಿರು ಇಳಕಲ್ ಸೀರೆ ತಂದ. ಅವಳು ಅದನ್ನು ಬಿಚ್ಚಿ ತಿರುಗಿಸಿ ನೋಡಿ, ದಡಿ ಭಾಳ ಸಣ್ಣದಾಯಿತು ಎಂದು ನಮ್ಮೆಲ್ಲರ ಮುಂದೆ ಅವನನ್ನು ಬೈಯುತ್ತಲೇ ಅದನ್ನು ಉಡಲು ಒಳಗೆ ಹೋದಳು.