ನಮ್ಮ ವಿಳಾಸಕ್ಕೆ ಬಂದ ಕೋವಿ

ಡೀಲರನ ಫೀಸು ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಒಂದು ಕೋವಿ ನಮ್ಮ ಮನೆಗೆ ಬರುವುದೆಂದು ತೀರ್ಮಾನವಾಗಿತ್ತು. ತೀರ್ಮಾನ ಮಾಡಿದ್ದು ಗಂಡಸರಿಬ್ಬರು. ನನಗೆ ತಿಳಿದದ್ದು ಅದು ಬರುವ ದಿನ ಬೆಳಿಗ್ಗೆ, ಯಜಮಾನರು ಆಫೀಸಿಗೆ ಹೊರಟು ಷೂ ಹಾಕಿಕೊಳ್ಳುತ್ತಿದ್ದಾಗ.

"ಇವತ್ತೊಂದು ಪಾರ್ಸೆಲ್ ಬರುತ್ತೆ. ಸೈನ್ ಮಾಡಿ ತಗೋ. ಸ್ವಲ್ಪ ಉದ್ದ ಇರುತ್ತೆ."

"ಏನದು?"

"ಗನ್ನು," ಎಂದರು, ಲೇಸು ಕಟ್ಟುತ್ತಲೇ.

ಅದು 2002ರ ಆಗಸ್ಟ್. ನಾವು ವುಡ್‌ಲ್ಯಾಂಡ್ ಹಿಲ್ಸ್‌ನ ಅಪಾರ್ಟ್‌ಮೆಂಟಿನಲ್ಲಿದ್ದೆವು. ನ್ಯೂಯಾರ್ಕಿನ ಆ ಕಟ್ಟಡಗಳು ಬಿದ್ದು ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಗ್ರೀನ್ ಕಾರ್ಡ್ ಅರ್ಜಿ ಯಾವುದೋ ಮೇಜಿನ ಮೇಲೆ ಕುಳಿತಿತ್ತು. ತಲೆಯ ಮೇಲೆ ದುಪಟ್ಟಾ ಹೊದ್ದು ತರಕಾರಿ ತರಲು ಹೋದರೆ ಸಾಲಿನಲ್ಲಿ ನನ್ನ ಹಿಂದೆ ನಿಂತವರು ಒಂದು ಹೆಜ್ಜೆ ದೂರ ಸರಿಯುತ್ತಿದ್ದರು. ಇಂಥ ಹೊತ್ತಿನಲ್ಲಿ ಮೈಸೂರಿನ ಮುಸಲ್ಮಾನರ ಮನೆಯ ವಿಳಾಸಕ್ಕೆ ಬಂದೂಕು!

ಕೋವಿ ಯಜಮಾನರ ಸಹೋದ್ಯೋಗಿಯದು. ಚಾಟ್ಸ್‌ವರ್ತ್‌ನ ಕಂಪನಿಯಲ್ಲಿ ಇಬ್ಬರದೂ ಅಕ್ಕಪಕ್ಕದ ಮೇಜು. ಕೊಡಗಿನವನು, ಒಂಟಿ, ನನ್ನನ್ನು ಬಾಯಿ ತುಂಬ ಭಾಬಿ ಎನ್ನುವವನು. ಕೈಲ್ ಮುಹೂರ್ತದ ದಿನ ಕೊಡವರ ಮನೆಯಲ್ಲಿ ಕೋವಿಗೆ ಪೂಜೆ ಆಗಲೇಬೇಕು. ಮೂರು ವರ್ಷದಿಂದ ಅಡುಗೆಮನೆಯ ಚಾಕು ಇಟ್ಟು ಪೂಜೆ ಮಾಡಿ ಅವನಿಗೆ ಬೇಸರ ಬಂದಿತ್ತಂತೆ. ಹಳೇ ಕಾಲದ ಮಾದರಿಯದೊಂದು ಕೋವಿ ಬೇಕೆಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದ್ದ.

ಯಜಮಾನರು ಬಾಗಿಲಲ್ಲಿ ನಿಂತೇ ಕಾನೂನು ಪಾಠ ಮಾಡಿದರು. ತೋಟಾ ತುಂಬಿ ಹಾರಿಸುವಂಥದ್ದಾದರೆ, ನೋಡಲು ಎಷ್ಟೇ ಹಳೆಯದಾಗಿರಲಿ, ಮಾರುವವನು ಅದನ್ನು ಲೈಸೆನ್ಸ್ ಇರುವ ಡೀಲರನಿಗೇ ಕಳಿಸಬೇಕು. ಡೀಲರ್ ತನ್ನ ಫೀಸು ತೆಗೆದುಕೊಂಡು, ಕೊಳ್ಳುವವನ ಹಿನ್ನೆಲೆಯ ವಿಚಾರಣೆಗೆ ಬರೆದು, ಹತ್ತು ದಿನ ಇಟ್ಟುಕೊಂಡು ಆಮೇಲೆ ಕೊಡುತ್ತಾನೆ. ನಳಿಗೆಯ ಬಾಯಿಂದ ಮದ್ದು, ಗುಂಡು ಗಿಡಿಯುವಂಥದ್ದಾದರೆ ಮೊನ್ನೆ ಮಾಡಿದ್ದೂ ಕಾನೂನಿನ ಕಣ್ಣಿಗೆ ಪುರಾತನವೇ. ಅವನು ಕೊಂಡದ್ದು ಅಂಥದ್ದು. ಫೀಸಿಲ್ಲ, ಡೀಲರಿಲ್ಲ, ನೇರ ಬಾಗಿಲಿಗೆ. ದೊಡ್ಡವರು ಯಾರಾದರೂ ಸಹಿ ಹಾಕಿದರಾಯಿತು. ಅವನ ಮನೆಯಲ್ಲಿ ಹಗಲು ಯಾರಿರುತ್ತಾರೆ? 'ಭಾಬಿ ಮನೇಲೇ ಇರ್ತಾರಲ್ಲ' ಎಂದು ನಮ್ಮ ವಿಳಾಸ ಕೊಟ್ಟಿದ್ದ. ನಮ್ಮ ಜನಕ್ಕೆ ಇದು ಹುಟ್ಟುಗುಣ. ಪಕ್ಕದ ಮನೆಗೆ ಬೀಗದ ಕೈ ಕೊಟ್ಟು ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳಿ ಎನ್ನುವಷ್ಟೇ ಸಲೀಸು.

ನಮ್ಮ ಜಗಳ ಉರ್ದುವಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುವುದು ವಾಡಿಕೆ.

"ಬೇಡ ಅನ್ನೋಕೆ ಬಾಯಿ ಬರಲಿಲ್ವಾ ನಿಮಗೆ?"

"ನಮ್ಮ ಹುಡುಗ ಕೇಳ್ತಾನೆ, ಹೇಗೆ ಬೇಡ ಅನ್ನಲಿ? ಕಾನೂನು ಪ್ರಕಾರ ಅದು ಗನ್ನೇ ಅಲ್ಲ. ಸುಮ್ಮನೆ ಹೆದರ್ತೀಯ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಜಾತಿ ನೀನು."

ಕಾರು ಹೊರಟುಹೋಯಿತು. ಆಮೇಲೆ ನಾನು ಕುಳಿತಲ್ಲಿ ಕೂರಲಿಲ್ಲ. ಕಿಟಕಿಯ ಪರದೆ ಸರಿಸುವುದು, ಮುಚ್ಚುವುದು. ಮುಚ್ಚಿದರೆ ಏನೋ ಬಚ್ಚಿಡುತ್ತಿದ್ದಾರೆ ಎಂದುಕೊಂಡಾರು ಎಂದು ಮತ್ತೆ ತೆಗೆಯುವುದು. ದಾಲ್ ತಳ ಹಿಡಿಯಿತು. ಎರಡು ಸಲ ಸ್ಕಾರ್ಫ್ ತೆಗೆದೆ, ನನ್ನ ಮನೆಯಲ್ಲಿ ನನಗೇನು ದಾಡಿ ಎಂದು ಮತ್ತೆ ಕಟ್ಟಿಕೊಂಡೆ. ಬೆಲ್ ಆದಾಗ ಮಧ್ಯಾಹ್ನವಾಗಿತ್ತು.

ಪೆಟ್ಟಿಗೆ ತಂದವನು ಒಳ್ಳೆಯವನೇ. ಪೆಟ್ಟಿಗೆ ನೋಡಿದ, ನನ್ನ ತಲೆ ನೋಡಿದ, ಐಡಿ ಕೇಳಿದ. ಎಲ್ಲರನ್ನೂ ಕೇಳುತ್ತಿದ್ದನೇನೋ. ಡ್ರೈವಿಂಗ್ ಲೈಸೆನ್ಸಿನ ಮೇಲಿದ್ದ ನನ್ನ ಹೆಸರನ್ನು ಅವನು ತುಟಿ ಅಲ್ಲಾಡಿಸಿ ನಿಧಾನವಾಗಿ ಓದಿಕೊಂಡಾಗ ಅದನ್ನು ಕೈಯಿಂದ ಮುಚ್ಚಿಬಿಡೋಣ ಅನ್ನಿಸಿತು. ಅಜ್ಜಿ ಕಿವಿಯಲ್ಲಿ ಕೂಗಿ ಇಟ್ಟ ಹೆಸರದು, ಎಲ್ಲಿ ಬರೆಯಲೂ ಅಳುಕಿದವಳಲ್ಲ ನಾನು. ಅವನು 'ಹ್ಯಾವ್ ಎ ನೈಸ್ ಡೇ' ಎಂದು ಹೋದ. ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದೆ. ನೈಸ್ ಡೇ ಅಂತೆ!

ಸಂಜೆ ಕೊಡಗಿನವನು ಹಾರಿಕೊಂಡೇ ಬಂದ.

"ಭಾಬಿ, ಡೀಲರ್ ಫೀಸೂ ಉಳೀತು, ಹತ್ತು ದಿನದ ಕಾಟಾನೂ ತಪ್ಪಿತು. ನಿಮ್ಮ ಉಪಕಾರ ಮರೆಯಲ್ಲ."

"ಇನ್ನೊಂದು ಸಲ ಫೀಸು ಕೊಟ್ಟೇ ತರ್ಸ್ಕೋಪ್ಪ," ಎಂದೆ. "ನಿನ್ನ ಬಾಗಿಲಿಗೆ ಬಂದ್ರೆ ಅದು ಪೂಜೆ ಸಾಮಾನು. ನಮ್ಮ ಬಾಗಿಲಿಗೆ ಬಂದ್ರೆ ಗನ್ನೇ."

ಅವನಿಗೆ ಅರ್ಥವಾಗಲಿಲ್ಲ. ಲೈಸೆನ್ಸೇ ಇಲ್ಲದೆ ಮನೆಮನೆಯಲ್ಲೂ ಕೋವಿ ಇಟ್ಟುಕೊಳ್ಳುವ ಊರಿಂದ ಬಂದವನಿಗೆ ಹೇಗೆ ಅರ್ಥವಾಗಬೇಕು? ಯಜಮಾನರು 'ಇವಳಿಗೆ ಎಲ್ಲಕ್ಕೂ ಭಯ' ಎಂದು ನಕ್ಕರು. ಆ ವಾರವೆಲ್ಲ ಫೋನು ಬಂದರೆ 'ಪೊಲೀಸ್ ಇರಬೇಕು ನೋಡು' ಎಂದು ಛೇಡಿಸಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಹಬ್ಬಕ್ಕೆ ಕರೆದ, ಹೋದೆವು. ಡೆಲ್ ಮಾರ್‌ನಿಂದ ಇನ್ನೊಂದು ಕೊಡವ ಕುಟುಂಬ ಬಂದಿತ್ತು. ನಮಗಾಗಿ ಹಲಾಲ್ ಅಂಗಡಿ ಹುಡುಕಿ ಕೋಳಿ ತಂದು, ಹೊಸ ಪಾತ್ರೆಯಲ್ಲಿ ಬೇರೆಯಾಗಿ ಮಾಡಿದ್ದ. ಇಷ್ಟು ಯೋಚಿಸುವವನು ಅಷ್ಟನ್ನು ಯಾಕೆ ಯೋಚಿಸಲಿಲ್ಲವೋ! ದೀಪದ ಮುಂದೆ ಚಾಪೆಯ ಮೇಲೆ ಕೋವಿ. ಊರಲ್ಲಾದರೆ ನಳಿಗೆಗೆ ಕೋವಿಹೂವನ್ನೇ ಸಿಕ್ಕಿಸಬೇಕು, ಇಲ್ಲಿ ಬೇಲಿಯ ಬೋಗನ್‌ವಿಲ್ಲಾ. ಅವನ ಕಣ್ಣು ತುಂಬಿದ್ದು ಕಂಡು ನನ್ನ ಸಿಟ್ಟು ಅರ್ಧ ಇಳಿಯಿತು.

ಪೂಜೆಯಾದ ಮೇಲೆ ಒಬ್ಬೊಬ್ಬರೇ ಕೋವಿ ಹಿಡಿದು ಫೋಟೋ ತೆಗೆಸಿಕೊಂಡರು. "ಬನ್ನಿ ಭಾಯಿ, ನೀವೂ ಹಿಡೀರಿ," ಎಂದು ಅವನು ಯಜಮಾನರ ಕೈಗೆ ಕೊಟ್ಟ. ಅವರು ಖುಷಿಯಿಂದ ಹೆಗಲಿಗೇರಿಸಿದರು, ಒಂದು ಕಣ್ಣು ಮುಚ್ಚಿ ಗುರಿಯಿಟ್ಟರು. ಅವನು ಕ್ಯಾಮೆರಾ ಎತ್ತಿದ.

ಆಗ ಯಜಮಾನರ ಮುಖದಲ್ಲಿದ್ದ ನಗು ಹೋಯಿತು. ಕೋವಿಯನ್ನು ಮೆಲ್ಲಗೆ ಚಾಪೆಯ ಮೇಲಿಟ್ಟು, "ಕ್ಯಾಮೆರಾ ಇಲ್ಲಿ ಕೊಡು. ನಾನು ತೆಗೀತೀನಿ, ನೀನು ನಿಂತ್ಕೋ," ಎಂದರು.

ನನ್ನ ಕಡೆ ನೋಡಲಿಲ್ಲ. ವಾರವಿಡೀ ನಾನು ಬಯಸಿದ್ದು ಅವರಿಗೆ ಇದು ಅರ್ಥವಾಗಲಿ ಎಂದೇ. ಅರ್ಥವಾಗಿತ್ತು. ನನಗೆ ಮಾತ್ರ ಅವರು ಮತ್ತೆ ನನ್ನನ್ನು ಹೆದರುಪುಕ್ಕಲಿ ಎಂದು ಛೇಡಿಸಿದರೆ ಸಾಕು ಅನ್ನಿಸಿತು. ಅವರು ಒಂದಾದ ಮೇಲೊಂದು ಎಲ್ಲರ ಫೋಟೋ ತೆಗೆದರು, ಹತ್ತಿರ ಬನ್ನಿ, ನಗಿ ಎಂದು ಜೋರಾಗಿ ಹೇಳುತ್ತ. ಆ ಸಂಜೆಯ ಒಂದು ಚಿತ್ರದಲ್ಲೂ ಅವರಿಲ್ಲ.