ಕೇರಿಯ ಹನ್ನೊಂದು ರೂಪಾಯಿ

ಹೆಬ್ಬಳ್ಳಿ ಕಡೆಯ ಒಂದು ಸಣ್ಣ ಊರಿನ ಕೇರಿಯಲ್ಲಿ ಕಸ್ತೂರೆವ್ವ ಅಂತ ಇದ್ದಳು, ಕಸಬರಿಗೆ ಕಟ್ಟಿ ಮಾರುವಾಕಿ. ಕೇರಿಯ ಮಂದಿ ಊರ ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಕೊಡ ಕೆಳಗಿಟ್ಟು ನಿಂತರೆ, ಮೇಲಿದ್ದವರಲ್ಲಿ ಯಾರಿಗೆ ಮನಸ್ಸು ಬರುತ್ತದೋ ಅವರು ಎತ್ತರದಿಂದ ನೀರು ಸುರಿಯಬೇಕು. ಹಾಗೆ ನಿಂತೇ ಆಕೆ ಮೂವತ್ತು ವರ್ಷ ಕಳೆದಿದ್ದಳು.

ಅರವತ್ತೊಂದನೇ ಇಸವಿಯಲ್ಲಿ ಊರಿಗೆ ನಳ ತರುವ ಮಾತು ಬಂತು. ಖರ್ಚಿನ ಮೂರು ಪಾಲು ಸರಕಾರದ್ದು, ಒಂದು ಪಾಲು ಊರವರ ವಂತಿಗೆ. ಪಂಚಾಯ್ತಿ ಚೇರಮನ್ ಸೋಮಪ್ಪ ಮನೆಮನೆ ತಿರುಗಿದ. ಕೇರಿಗೆ ಮಾತ್ರ ಬರಲಿಲ್ಲ. ಕಸ್ತೂರೆವ್ವ ತಾನೇ ಹೋಗಿ ಕೇಳಿದಳು.

“ನಿಮಗ ಮಾಫಿ ಮಾಡೇವಿ, ಕಸ್ತೂರೆವ್ವಾ. ಬಡವರ ಹೊಟ್ಟಿ ಮ್ಯಾಲ ಯಾಕ ಹೊಡೀಬೇಕು?” ಎಂದ ಸೋಮಪ್ಪ. ಕೆಟ್ಟ ಮನುಷ್ಯನಲ್ಲ, ಖರೇನೇ ಮರುಗಿ ಹೇಳಿದ.

“ನಳ ಎಲ್ಲೆಲ್ಲಿ ಕೂಡಸ್ತೀರಿ, ಯಪ್ಪಾ?”

“ವಂತಿಗಿ ಕೊಟ್ಟ ಓಣಿಗೊಂದು.”

“ಮತ್ತ ನಮಗ?”

“ಯಾರರ ನೀರು ಹಾಕ್ತಾರ ತಗೋ. ಈಗ ಹಾಕಂಗಿಲ್ಲೇನು?”

ಕಸ್ತೂರೆವ್ವ ಹೊರಳಿ ಬಂದಳು. ನಳದ ಮುಂದೂ ಕೈಯೊಡ್ಡಿ ನಿಲ್ಲಬೇಕೆಂದರೆ ಅದು ಬಂದೇನಾಯಿತು? ಕೇರಿಯ ಇಪ್ಪತ್ತೆರಡು ಮನೆಗೂ ಹೋಗಿ ಎಂಟೆಂಟಾಣೆ ಕೇಳಿದಳು.

ನೆರೆಮನೆಯ ಸತ್ಯವ್ವ ನಕ್ಕಳು: “ಮಾಫಿ ಆದದ್ದನ್ನ ಹುಡುಕ್ಕೊಂಡು ಹೋಗಿ ಕೊಡಾಕಿ ನೀ ಒಬ್ಬಾಕಿನ ನೋಡವ್ವಾ!”

“ಹೌದವಾ. ನೀ ಆ ಮಾಫಿನ ನಿನ್ನ ಕೊಡದಾಗ ತುಂಬಿಕೊಂಡು ಬಾ, ನೋಡ್ತೇನಿ.”

ಸತ್ಯವ್ವ ಬೈಯುತ್ತಲೇ ಸೆರಗಿನ ಗಂಟು ಬಿಚ್ಚಿದಳು.

ರೊಕ್ಕ ಕೂಡಲು ಒಂದು ತಿಂಗಳು ಹಿಡಿಯಿತು. ಒಯ್ದರೆ ಸೋಮಪ್ಪ ಮುಟ್ಟಲಿಲ್ಲ. “ಊರ ಹಿರೇರು ಏನಂತಾರೋ…” ಎಂದು ತಲೆ ಕೆರೆದುಕೊಂಡ. ಕಸ್ತೂರೆವ್ವ ಪಂಚಾಯ್ತಿ ಅಂಗಳದಲ್ಲೇ ಕಸಬರಿಗೆ ಕಟ್ಟುತ್ತ ಕೂತಳು. ಮೂರನೇ ದಿನ ನಳದ ಕೆಲಸ ನೋಡುವ ಓವರಸಿಯರ್ ಉಸ್ಮಾನಸಾಬರು ಧಾರವಾಡದಿಂದ ಬಂದರು.

“ಯಾಕವ್ವಾ, ಇಲ್ಲಿ ಕುಂತೀರಿ?”

“ವಂತಿಗಿ ಕೊಡಾಕ ಬಂದೇನ್ರಿ ಸಾಹೇಬ್ರ. ತಗೊಳ್ಳವಲ್ರು.”

ಉಸ್ಮಾನಸಾಬರು ಜೋರಾಗಿ ನಕ್ಕರು. “ಸೋಮಪ್ಪನವರ, ಉಳಿದ ಊರಾಗ ಬೆನ್ನ ಹತ್ತಿದ್ರೂ ಯಾರೂ ರೊಕ್ಕ ಬಿಚ್ಚಂಗಿಲ್ಲ. ನಿಮ್ಮದು ಇನ್ನೂ ನೂರು ರೂಪಾಯಿ ಕಡಿಮಿ ಐತಿ. ಲಗೂನ ಪಾವತಿ ಬರೀರಿ!”

ಸೋಮಪ್ಪ ರಸೀದಿ ಬರೆದ. ಓದಲು ಬಾರದ ಕಸ್ತೂರೆವ್ವ ಅವನಿಂದಲೇ ಓದಿಸಿದಳು: “ಕಸ್ತೂರೆವ್ವನಿಂದ ಹನ್ನೊಂದು ರೂಪಾಯಿ…”

“ಹರೀರಿ ಅದನ್ನ. ಕೇರಿಯವರಿಂದ ಅಂತ ಬರೀರಿ. ನಳ ನನ್ನ ಮನ್ಯಾಗ ಕೂಡಸ್ತೀರೇನು?”

ಸೋಮಪ್ಪ ಮೊದಲಿನದನ್ನು ಹರಿದು, ಎರಡನೇ ಪಾವತಿ ಬರೆದ.

ಮುಂದಿನ ಬೇಸಿಗೆಗೆ ನಳ ಬಂದವು. ಹಿರಿಯರು ಗೊಣಗಿದರು, ಕಸ್ತೂರೆವ್ವ ಪಾವತಿ ತೋರಿಸಿದಳು, ಕೇರಿಯ ಮುಂದೂ ಒಂದು ಕೂತಿತು. ಮೊದಲ ದಿನವೇ ಸರದಿಗಾಗಿ ಜಗಳ ಹತ್ತಿತು.

“ಪಾವತಿ ತಂದಾಕಿ ನಾ, ಮೊದಲು ನನ್ನ ಕೊಡ!” ಎಂದಳು ಕಸ್ತೂರೆವ್ವ.

“ನಂದೂ ಎಂಟಾಣೆ ಐತಿ ಅದರಾಗ. ಸರಿಯ ಅತ್ತಾಗ!” ಎಂದಳು ಸತ್ಯವ್ವ.

ಕಸ್ತೂರೆವ್ವ ಕೊಡ ಎತ್ತಿಕೊಂಡು ಸರಿದು ನಿಂತಳು.